ನಾಗರಿಕ ಸೇವಾ ಪರೀಕ್ಷೆಯೂ ಅಕ್ಕಡಿ ಸಾಲೂ

(ಡಲ್ಲಾಸ್, ಹ್ಯೂಸ್ಟನ್ ಮತ್ತು ಆಸ್ಟಿನ್ ನಗರಗಳ ಕನ್ನಡ ಕುಟುಂಬಗಳಿಗಾಗಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಊರಿನಿಂದ ನಿಮಗೆ ಬರುವ ಸುದ್ದಿಗಳಲ್ಲಿ ಮದುವೆ, ಗೃಹಪ್ರವೇಶಗಳ ಜೊತೆಗೆ ಇನ್ನೊಂದು ಸುದ್ದಿಯೂ ಆಗಾಗ ಸೇರಿರುತ್ತದೆ. ಅಣ್ಣನ ಮಗ ಬೆಂಗಳೂರಿನ ವಿಜಯನಗರದಲ್ಲಿ ಕೊಠಡಿ ಹಿಡಿದು ಐ.ಎ.ಎಸ್. ಪರೀಕ್ಷೆಗೆ ಓದುತ್ತಿದ್ದಾನೆ, ಅಕ್ಕನ ಮಗಳು ಧಾರವಾಡದಲ್ಲಿ ತರಬೇತಿಗೆ ಸೇರಿದ್ದಾಳೆ, ಮತ್ತೊಬ್ಬ ದೆಹಲಿಗೇ ಹೋಗಿದ್ದಾನೆ. ಸುದ್ದಿ ಕೇಳಿ ನಾವು ಹೆಮ್ಮೆಪಡುತ್ತೇವೆ. ಶಕ್ತ್ಯನುಸಾರ ಹಣವನ್ನೂ ಕಳುಹಿಸುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ: ಆಯ್ಕೆಯಾಗದಿದ್ದರೆ ಮುಂದೇನು? ಶುಭಕಾರ್ಯಕ್ಕೆ ಹೊರಟವರನ್ನು ಅಪಶಕುನದ ಮಾತಿನಿಂದ ತಡೆಯಬಾರದೆಂಬ ಸಂಕೋಚ ನಮ್ಮದು. ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳುವುದು ಅಪಶಕುನವಲ್ಲ, ಹಿತೈಷಿಗಳ ಕರ್ತವ್ಯ ಎಂಬುದೇ ಇಂದಿನ ನನ್ನ ನಿವೇದನೆ.

ಹಳೆಯ ಮೈಸೂರಿನ ರಾಗಿಯ ಹೊಲಗಳನ್ನು ಕಂಡವರಿಗೆ ‘ಅಕ್ಕಡಿ’ ಎಂಬ ಮಾತು ಪರಿಚಿತ. ಮಳೆಯನ್ನೇ ನಂಬಿದ ರೈತನು ಹೊಲದ ತುಂಬ ರಾಗಿಯನ್ನಷ್ಟೇ ಬಿತ್ತುವುದಿಲ್ಲ. ಕೆಲವು ಸಾಲು ರಾಗಿಯಾದ ಮೇಲೆ ಒಂದು ಸಾಲು ಅವರೆಯನ್ನೋ ತೊಗರಿಯನ್ನೋ ಹುಚ್ಚೆಳ್ಳನ್ನೋ ಹಾಕುತ್ತಾನೆ. ಮಳೆ ಚೆನ್ನಾಗಿ ಆದರೆ ಎರಡೂ ಕೈಗೆ ಬರುತ್ತವೆ. ರಾಗಿ ಒಣಗಿದರೂ ಆಳಕ್ಕೆ ಬೇರು ಬಿಟ್ಟ ತೊಗರಿ ಉಳಿಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಅಕ್ಕಡಿಯನ್ನು ರಾಗಿ ಒಣಗಿದ ಮೇಲೆ ಬಿತ್ತುವುದಿಲ್ಲ, ರಾಗಿಯ ಜೊತೆಯಲ್ಲಿಯೇ ಬಿತ್ತುತ್ತಾರೆ. ನಾಗರಿಕ ಸೇವಾ ಪರೀಕ್ಷೆಗೆ ಕೂರುವವರ ಪರ್ಯಾಯ ವೃತ್ತಿಯ ವಿಷಯದಲ್ಲಿ ನಾವು ಮರೆತಿರುವುದು ಈ ಮಾತನ್ನೇ.

ಪರೀಕ್ಷೆಯ ಲೆಕ್ಕಾಚಾರ

ಮೊದಲು ಅಂಕಿಗಳನ್ನು ನೋಡೋಣ. ಕೇಂದ್ರ ಲೋಕಸೇವಾ ಆಯೋಗದ 2024ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಸಲ್ಲಿಸಿದವರು 9,92,599 ಮಂದಿ. ಪೂರ್ವಭಾವಿ ಪರೀಕ್ಷೆಯನ್ನು ನಿಜವಾಗಿ ಬರೆದವರು 5,83,213. ಮುಖ್ಯ ಪರೀಕ್ಷೆಗೆ ಅರ್ಹರಾದವರು 14,627. ಸಂದರ್ಶನಕ್ಕೆ ಕರೆ ಬಂದದ್ದು 2,845 ಮಂದಿಗೆ. ಕಡೆಯಲ್ಲಿ ಆಯ್ಕೆಯಾದವರು 1,009. ಅಂದರೆ ಪರೀಕ್ಷೆ ಬರೆದ ಸುಮಾರು 578 ಮಂದಿಯಲ್ಲಿ ಒಬ್ಬರು.

ಈ ಅಂಕಿಗಳಲ್ಲಿ ಹೆಚ್ಚು ಯೋಚಿಸಬೇಕಾದದ್ದು ಕಡೆಯ ಹಂತ. ಸಂದರ್ಶನದವರೆಗೆ ಹೋಗಿ ಬರಿಗೈಯಲ್ಲಿ ಮರಳಿದವರು 1,836 ಮಂದಿ. ಇವರು ಐದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಜನರನ್ನು ಹಿಂದಿಕ್ಕಿ ಬಂದವರು. ಇವರಲ್ಲಿ ಸಾಮರ್ಥ್ಯದ ಕೊರತೆಯಿತ್ತೆಂದು ಯಾರು ಹೇಳಬಲ್ಲರು? ಸ್ಥಾನಗಳು ಕಡಿಮೆ, ಅಷ್ಟೆ. ಆದರೆ ಊರಿನ ದೃಷ್ಟಿಯಲ್ಲಿ ಪೂರ್ವಭಾವಿ ಪರೀಕ್ಷೆಯಲ್ಲಿ ನಿಂತವರೂ ಸಂದರ್ಶನದಲ್ಲಿ ಕೂದಲೆಳೆಯಷ್ಟರಲ್ಲಿ ತಪ್ಪಿದವರೂ ಒಂದೇ: ‘ಪಾಸಾಗಲಿಲ್ಲ.’

ಸಾಮಾನ್ಯ ವರ್ಗದ ಅಭ್ಯರ್ಥಿಗೆ 32 ವರ್ಷದ ವಯೋಮಿತಿಯೊಳಗೆ ಆರು ಅವಕಾಶಗಳಿವೆ. ಇತರ ಹಿಂದುಳಿದ ವರ್ಗದವರಿಗೆ 35 ವರ್ಷ, ಒಂಬತ್ತು ಅವಕಾಶ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 37 ವರ್ಷದವರೆಗೆ ಅವಕಾಶಗಳ ಮಿತಿಯಿಲ್ಲ. ಈ ಔದಾರ್ಯ ನ್ಯಾಯವಾದದ್ದೇ. ಆದರೆ ಇಪ್ಪತ್ತೆರಡರಲ್ಲಿ ಓದಲು ಕುಳಿತವರು ಮುವ್ವತ್ತೆರಡರಲ್ಲಿ ಏಳುವುದಾದರೆ ನಡುವಣ ಹತ್ತು ವರ್ಷಗಳಿಗೆ ಬಯೋಡೇಟಾದಲ್ಲಿ ಏನು ಬರೆಯುವುದು ಎಂಬ ಪ್ರಶ್ನೆಗೂ ಉತ್ತರ ಬೇಕು.

ರಾಜ್ಯದ ಪರೀಕ್ಷೆಗಳಲ್ಲಿ ಮತ್ತೊಂದು ತೊಡಕು. ಅಲ್ಲಿ ಅಭ್ಯರ್ಥಿಯ ಶ್ರಮಕ್ಕೆ ಯಾವ ಸಂಬಂಧವೂ ಇಲ್ಲದ ಕಾರಣಗಳಿಂದ ವರ್ಷಗಳು ಕಳೆದುಹೋಗಿವೆ. ಕರ್ನಾಟಕ ಲೋಕಸೇವಾ ಆಯೋಗವು 2011ರಲ್ಲಿ ಪ್ರಕಟಿಸಿದ 362 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಆಯ್ಕೆಯನ್ನು ಅಕ್ರಮದ ಆರೋಪದ ಮೇಲೆ ಸರ್ಕಾರ 2014ರಲ್ಲಿ ಹಿಂತೆಗೆದುಕೊಂಡಿತು. ನ್ಯಾಯಾಲಯಗಳ ಸುದೀರ್ಘ ಯಾತ್ರೆಯ ಬಳಿಕ 2022ರಲ್ಲಿ ವಿಧಾನಮಂಡಲವು ಅದೇ ಆಯ್ಕೆಯನ್ನು ಶಾಸನದ ಮೂಲಕ ಊರ್ಜಿತಗೊಳಿಸಿತು. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ 2022ರಲ್ಲಿ ರದ್ದಾಗಿ, 2024ರ ಜನವರಿಯಲ್ಲಿ ಮರಳಿ ನಡೆಯಿತು. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆದಾಗ ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ದೋಷಪೂರ್ಣವಾಗಿತ್ತು. ಪರೀಕ್ಷೆಯನ್ನು ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಹೀಗೆ ಮಳೆ ಕೈಕೊಡುವುದು ನಮ್ಮ ಹೊಲದ ದೋಷವಲ್ಲ. ಕೈಕೊಡಬಹುದೆಂದು ತಿಳಿದೂ ಅಕ್ಕಡಿ ಹಾಕದಿರುವುದು ಮಾತ್ರ ನಮ್ಮ ದೋಷ.

ಮೊದಲು ಮುಚ್ಚುವ ಬಾಗಿಲುಗಳು

‘ಎಲ್ಲ ಪ್ರಯತ್ನಗಳೂ ಮುಗಿಯಲಿ, ಆಮೇಲೆ ಬೇರೆ ನೋಡಿದರಾಯಿತು’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ವಯೋಮಿತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಮಾತಿನ ಅಪಾಯ ತಿಳಿಯುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ ‘ಬಿ’ ಶ್ರೇಣಿಯ ಅಧಿಕಾರಿ ಹುದ್ದೆಗೆ ಸಾಮಾನ್ಯ ವರ್ಗದ ಗರಿಷ್ಠ ವಯಸ್ಸು 30. ಗ್ರಾಮೀಣಾಭಿವೃದ್ಧಿಯ ನಬಾರ್ಡ್ ಬ್ಯಾಂಕಿನ ‘ಎ’ ಶ್ರೇಣಿಗೆ 30. ಸ್ಟೇಟ್ ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿಗೆ 30. ಲೋಕಸೇವಾ ಆಯೋಗವೇ ನಡೆಸುವ ಭಾರತೀಯ ಆರ್ಥಿಕ ಸೇವೆಗೂ ಎಂಜಿನಿಯರಿಂಗ್ ಸೇವೆಗೂ 30. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಸಹಾಯಕ ಕಮಾಂಡೆಂಟ್ ಹುದ್ದೆಗಂತೂ 25. ಮೀಸಲು ವರ್ಗಗಳಿಗೆ ಇಲ್ಲೆಲ್ಲ ಸಡಿಲಿಕೆ ಉಂಟು; ಆದರೂ ಕ್ರಮ ಅದೇ.

ಹೆಬ್ಬಾಗಿಲು 32ರವರೆಗೆ ತೆರೆದಿರುತ್ತದೆ. ಅಕ್ಕಪಕ್ಕದ ಬಾಗಿಲುಗಳು ಅದಕ್ಕಿಂತ ಮುಂಚೆಯೇ ಮುಚ್ಚಿಕೊಳ್ಳುತ್ತವೆ. ಹೆಬ್ಬಾಗಿಲಿನ ಮುಂದೆ ಕಡೆಯ ದಿನದವರೆಗೆ ನಿಂತವರು ತಿರುಗಿ ನೋಡುವಾಗ ಉಳಿದವೂ ಹಾಕಿಕೊಂಡಿರುತ್ತವೆ. ಆದುದರಿಂದ ಪರ್ಯಾಯವೆಂಬುದು ಕಾಲಾನುಕ್ರಮದಲ್ಲಿ ಎರಡನೆಯದಾಗಲಾರದು; ಅದು ಜೊತೆಯಲ್ಲಿಯೇ ನಡೆಯಬೇಕು.

ಯಾವ ಯಾವ ಸಾಲುಗಳು?

ಮೊದಲನೆಯದು, ಅದೇ ಓದಿನಿಂದ ಬರೆಯಬಹುದಾದ ಬೇರೆ ಪರೀಕ್ಷೆಗಳು. ರಿಸರ್ವ್ ಬ್ಯಾಂಕಿನ ಪರೀಕ್ಷೆಯಲ್ಲಿ ಆರ್ಥಿಕ ಮತ್ತು ಸಾಮಾಜಿಕ ವಿಷಯಗಳದೇ ಒಂದು ಪತ್ರಿಕೆಯಿದೆ. ನಬಾರ್ಡ್ ಪರೀಕ್ಷೆಯಲ್ಲಿ ಅದರ ಜೊತೆಗೆ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಸೇರುತ್ತದೆ. ನಾಗರಿಕ ಸೇವೆಗೆ ಓದಿದವರಿಗೆ ಇವು ಹೊಸ ವಿಷಯಗಳಲ್ಲ. ಹೊಸದಾಗಿ ಕಲಿಯಬೇಕಾದದ್ದು ಲೆಕ್ಕದ ವೇಗ ಮತ್ತು ಹಣಕಾಸಿನ ಪರಿಭಾಷೆ. ರಾಜ್ಯದ ಮಟ್ಟದಲ್ಲಿ ಕೆ.ಎ.ಎಸ್. ಅಲ್ಲದೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಪ್ರಥಮ ದರ್ಜೆ ಸಹಾಯಕ ಮುಂತಾದ ಹುದ್ದೆಗಳಿವೆ. ಇವುಗಳನ್ನು ಕೀಳೆಂದು ಭಾವಿಸುವುದು ಸರಿಯಲ್ಲ. ಒಂದು ಗ್ರಾಮದ ನೀರು, ರಸ್ತೆ, ಉದ್ಯೋಗ ಖಾತರಿಯ ಲೆಕ್ಕಗಳೆಲ್ಲ ನಿಂತಿರುವುದು ಪಂಚಾಯತಿಯ ಅಧಿಕಾರಿಯ ಮೇಲೆ.

ಎರಡನೆಯದು, ಕಾನೂನು ಮತ್ತು ಬೋಧನೆ. ಪದವೀಧರರಿಗೆ ಮೂರು ವರ್ಷದ ಎಲ್‌ಎಲ್.ಬಿ. ವ್ಯಾಸಂಗ ಉಂಟು, ಸಂವಿಧಾನವನ್ನು ಓದಿಕೊಂಡವರಿಗೆ ಅದು ಸಹಜವಾದ ಮುಂದುವರಿಕೆ. ಆದರೆ ಸಿವಿಲ್ ನ್ಯಾಯಾಧೀಶರ ಹುದ್ದೆಯ ಪ್ರವೇಶಕ್ಕೆ ಮೂರು ವರ್ಷಗಳ ವಕೀಲಿ ಅನುಭವ ಇರಬೇಕೆಂಬ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಮರಳಿ ತಂದಿತು. ಆ ಮಾರ್ಗವನ್ನು ಬಯಸುವವರು ಬೇಗನೆ ಹೊರಡುವುದು ಒಳಿತು. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಸಾಹಿತ್ಯಗಳನ್ನು ಐಚ್ಛಿಕ ವಿಷಯವಾಗಿ ಓದಿದವರು ಅದೇ ವಿಷಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದರೆ ‘ನೆಟ್’ ಇಲ್ಲವೇ ‘ಕೆ-ಸೆಟ್’ ಪರೀಕ್ಷೆ ಬರೆದು ಕಾಲೇಜು ಅಧ್ಯಾಪಕರಾಗುವ ಅರ್ಹತೆ ಗಳಿಸಬಹುದು.

ಮೂರನೆಯದು, ಸಾರ್ವಜನಿಕ ನೀತಿಯ ಕ್ಷೇತ್ರ. ಹಿಂದೆ ಇದಕ್ಕೆ ಕರ್ನಾಟಕದಲ್ಲಿ ಎಡೆ ಕಡಿಮೆಯಿತ್ತು. 1972ರಲ್ಲಿ ವಿ.ಕೆ.ಆರ್.ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದರು. 2010ರಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ರಾಷ್ಟ್ರೀಯ ಕಾನೂನು ಶಾಲೆಯು 2014ರಲ್ಲಿ ಸಾರ್ವಜನಿಕ ನೀತಿಯ ಸ್ನಾತಕೋತ್ತರ ವ್ಯಾಸಂಗವನ್ನು ಆರಂಭಿಸಿತು. ಸಂಶೋಧನೆ, ಸ್ವಯಂಸೇವಾ ಸಂಸ್ಥೆಗಳು, ದೊಡ್ಡ ಉದ್ಯಮಗಳ ಸಮಾಜಾಭಿವೃದ್ಧಿ ವಿಭಾಗಗಳು ಇಂತಹ ವ್ಯಾಸಂಗ ಮಾಡಿದವರಿಗೆ ಕೆಲಸ ಕೊಡುತ್ತವೆ.

ನಾಲ್ಕನೆಯದು, ಕನ್ನಡವೇ. 2024ರ ಅನುವಾದದ ಪ್ರಕರಣ ನಮಗೊಂದು ಸಂಗತಿಯನ್ನು ತಿಳಿಸಿಕೊಟ್ಟಿತು. ಆಡಳಿತವನ್ನೂ ಬಲ್ಲ, ಎರಡು ಭಾಷೆಗಳನ್ನೂ ಬಲ್ಲ ಬರಹಗಾರರು ನಾಡಿಗೆ ಬೇಕಾಗಿದ್ದಾರೆ. ನಾಲ್ಕಾರು ವರ್ಷ ಪ್ರಬಂಧ ಬರೆದು ಪಳಗಿದ ಕೈಗೆ ಪತ್ರಿಕೋದ್ಯಮ, ಅನುವಾದ, ಪಠ್ಯರಚನೆಗಳು ಪರಕೀಯವಲ್ಲ.

ಐದನೆಯದು, ಮೊದಲ ಪದವಿ. ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ ಪದವೀಧರರು ಪರೀಕ್ಷೆಯ ಭರದಲ್ಲಿ ತಮ್ಮ ವಿದ್ಯೆಯನ್ನು ತುಕ್ಕು ಹಿಡಿಯಲು ಬಿಡಬಾರದು. ಅತ್ಯಂತ ಸಮೀಪದ ಅಕ್ಕಡಿ ಸಾಲು ಅದೇ.

ಸಂದರ್ಶನದವರೆಗೆ ಹೋದವರಿಗೆ ಇನ್ನೊಂದು ಸೌಕರ್ಯವಿದೆ. ಆಯ್ಕೆಯಾಗದ ಅಂತಹ ಅಭ್ಯರ್ಥಿಗಳ ವಿವರಗಳನ್ನು, ಅವರು ಒಪ್ಪಿದರೆ, ಉದ್ಯೋಗದಾತರಿಗೆ ಒದಗಿಸುವ ಯೋಜನೆಯನ್ನು ಕೇಂದ್ರ ಆಯೋಗ 2018ರಲ್ಲಿ ಆರಂಭಿಸಿತು. 2025ರಲ್ಲಿ ಅದಕ್ಕೆ ‘ಪ್ರತಿಭಾ ಸೇತು’ ಎಂದು ಹೆಸರಿಟ್ಟು, ಖಾಸಗಿ ಸಂಸ್ಥೆಗಳಿಗೂ ತೆರೆಯಲಾಯಿತು. ಒಪ್ಪಿಗೆ ಕೊಡಲು ಹಲವರು ಹಿಂಜರಿಯಬಹುದು. ಸೋತವರ ಪಟ್ಟಿಯೆಂದು ತಿಳಿಯದೆ, ಐದೂಮುಕ್ಕಾಲು ಲಕ್ಷದಲ್ಲಿ ಮೊದಲ ಮೂರು ಸಾವಿರದವರ ಪಟ್ಟಿಯೆಂದು ತಿಳಿಯಬೇಕು.

ಎರಡು ದೋಣಿಯ ಆಕ್ಷೇಪ

ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ, ಏಕಾಗ್ರತೆ ಕೆಡುತ್ತದೆ ಎಂಬ ಆಕ್ಷೇಪವನ್ನು ನಾನು ಬಲ್ಲೆ. ಅದರಲ್ಲಿ ಸತ್ಯಾಂಶವೂ ಇದೆ. ಮೊದಲ ಒಂದೆರಡು ವರ್ಷ ಪೂರ್ಣಕಾಲ ಓದುವುದು ಹಲವರಿಗೆ ಅವಶ್ಯಕ. ಆದರೆ ಕೋಲಾರ ಜಿಲ್ಲೆಯ ಕೆ.ಆರ್. ನಂದಿನಿಯವರ ಉದಾಹರಣೆಯನ್ನು ನೋಡಿ. ಸಿವಿಲ್ ಎಂಜಿನಿಯರಿಂಗ್ ಓದಿದ ಅವರು ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ನಾಗರಿಕ ಸೇವೆಗೆ ಪ್ರಯತ್ನಿಸಿದರು. 2014ರ ಪರೀಕ್ಷೆಯಲ್ಲಿ 849ನೆಯ ಸ್ಥಾನ ದೊರೆತು ಭಾರತೀಯ ಕಂದಾಯ ಸೇವೆಗೆ ಸೇರಿದರು. ಆ ಸೇವೆಯಲ್ಲಿದ್ದುಕೊಂಡೇ ಮತ್ತೆ ಬರೆದರು. 2016ರ ಪರೀಕ್ಷೆಯ ಫಲಿತಾಂಶ 2017ರ ಮೇ ತಿಂಗಳಲ್ಲಿ ಹೊರಬಿದ್ದಾಗ ಇಡೀ ದೇಶಕ್ಕೆ ಪ್ರಥಮರಾದರು. ಅವರ ಐಚ್ಛಿಕ ವಿಷಯ ಕನ್ನಡ ಸಾಹಿತ್ಯ.

ಅವರಿಗೆ ಪ್ರಥಮ ಸ್ಥಾನ ಬಂದುದು ಅಪರೂಪದ ಸಂಗತಿ. ಅದನ್ನು ಎಲ್ಲರೂ ನಿರೀಕ್ಷಿಸಲಾಗದು. ಅನುಕರಿಸಬಹುದಾದದ್ದು ಅವರು ನಡೆದ ರೀತಿ. ಪ್ರತಿಯೊಂದು ಹಂತದಲ್ಲೂ ಕೈಯಲ್ಲೊಂದು ಉದ್ಯೋಗವಿತ್ತು. 2016ರ ಪರೀಕ್ಷೆಯ ಫಲಿತಾಂಶ ಬೇರೆಯಾಗಿದ್ದರೂ ಅವರು ಗೌರವಾನ್ವಿತ ಅಧಿಕಾರಿಯಾಗಿಯೇ ಇರುತ್ತಿದ್ದರು. ಜೀವನೋಪಾಯದ ಭಯವಿಲ್ಲದ ಮನಸ್ಸು ಪರೀಕ್ಷಾ ಕೊಠಡಿಯಲ್ಲಿ ಹೆಚ್ಚು ಸ್ವಸ್ಥವಾಗಿರುತ್ತದೆ.

ಪದವಿಯೂ ಸೇವೆಯೂ

ಇನ್ನು ಮಾನದ ಪ್ರಶ್ನೆ. ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. ಅಂದಿನಿಂದ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ‘ಅಮಲ್ದಾರ’ ಎಂಬ ಮಾತಿಗೆ ಒಂದು ಪ್ರಭೆ ಬಂತು. ಆ ಪರೀಕ್ಷೆಯಲ್ಲಿ ಗೆದ್ದವರಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರೊಬ್ಬರು. ಅವರು ಉನ್ನತ ಹುದ್ದೆಗಳನ್ನು ನಿರ್ವಹಿಸಿ, ತಮ್ಮನ್ನು ಕಡೆಗಣಿಸಿದಾಗ ಅವಧಿಗೆ ಮುನ್ನವೇ ರಾಜೀನಾಮೆಯಿತ್ತರು. ಆದರೆ ಅವರ ಹೊಲ ಬರಿದಾಗಲಿಲ್ಲ. ಸೇವೆಯಲ್ಲಿದ್ದ ಕಾಲದಿಂದಲೂ ಸಾಹಿತ್ಯವೆಂಬ ಸಾಲನ್ನು ಅವರು ಬೆಳೆಸಿಕೊಂಡು ಬಂದಿದ್ದರು. 1983ರಲ್ಲಿ ಅವರಿಗೆ ಜ್ಞಾನಪೀಠ ಪ್ರಶಸ್ತಿ ಬಂದುದು ಆ ಸಾಲಿನ ಫಲಕ್ಕೆ.

ಅವರ ಮಿತ್ರರಾದ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ ದಾಟಿದವರಲ್ಲ. ಪತ್ರಕರ್ತರಾಗಿ ಬಾಳಿ, ದಿವಾನರುಗಳೊಂದಿಗೆ ರಾಜ್ಯದ ಪ್ರಶ್ನೆಗಳನ್ನು ಚರ್ಚಿಸಿ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಒಬ್ಬರು ಸರ್ಕಾರದ ಒಳಗಿದ್ದು, ಇನ್ನೊಬ್ಬರು ಹೊರಗಿದ್ದು ನಾಡಿನ ಸೇವೆ ಮಾಡಿದರು. ‘ದೇಶಸೇವೆ ಮಾಡಬೇಕು’ ಎಂದು ಪರೀಕ್ಷೆಗೆ ಹೊರಟ ತರುಣರಿಗೆ ಈ ಎರಡನೆಯ ಬದುಕಿನ ಕಥೆಯನ್ನೂ ನಾವು ಹೇಳಬೇಕು.

ಟೆಕ್ಸಸ್ಸಿನ ಕಡೆಯಿಂದ

ಊರಿನ ಮಕ್ಕಳಿಗೆ ಇಲ್ಲಿಂದ ನಾವು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ‘ಅಲ್ಲಿ ಆಗದಿದ್ದರೆ ಇಲ್ಲಿಗೆ ಬಾ.’ ಇದನ್ನೂ ವಿಚಾರಿಸಿ ಹೇಳಬೇಕು. ಆಸ್ಟಿನ್ ನಗರದಲ್ಲಿ 1970ರಿಂದ ನಡೆಯುತ್ತಿರುವ ಲಿಂಡನ್ ಜಾನ್ಸನ್ ಶಾಲೆಯಲ್ಲಿಯೂ, 1997ರಲ್ಲಿ ಆರಂಭವಾದ ಟೆಕ್ಸಸ್ ಎ ಅಂಡ್ ಎಮ್‌ನ ಬುಷ್ ಶಾಲೆಯಲ್ಲಿಯೂ ಸಾರ್ವಜನಿಕ ಆಡಳಿತವನ್ನು ಉತ್ತಮವಾಗಿ ಕಲಿಸುತ್ತಾರೆ. ಆದರೆ ಅಮೆರಿಕದ ಕೇಂದ್ರ ಸರ್ಕಾರದ ಸ್ಪರ್ಧಾತ್ಮಕ ಹುದ್ದೆಗಳು ಸಾಮಾನ್ಯವಾಗಿ ಪೌರರಿಗೆ ಮಾತ್ರ ಮೀಸಲು. ವಿದ್ಯಾರ್ಥಿ ವೀಸಾದ ಮೇಲೆ ಬಂದವರು ಸರ್ಕಾರಿ ಕೆಲಸವನ್ನು ನೆಚ್ಚಿಕೊಂಡು ಸಾಲ ಮಾಡಬಾರದು. ಮೂರು ವರ್ಷದ ಭಾರತೀಯ ಪದವಿಯನ್ನು ಕೆಲವು ವಿಶ್ವವಿದ್ಯಾಲಯಗಳು ಒಪ್ಪುವುದಿಲ್ಲವಾದ್ದರಿಂದ ಅದನ್ನೂ ಮೊದಲೇ ವಿಚಾರಿಸತಕ್ಕದ್ದು.

ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಕೆಲವರು ಭಾರತಕ್ಕೆ ಹೋಗಿ ಐ.ಎ.ಎಸ್. ಆಗಬಹುದೆ ಎಂದು ಕೇಳುವುದುಂಟು. ಆ ಸೇವೆ ಭಾರತದ ಪೌರರಿಗೆ ಮಾತ್ರ. ಓ.ಸಿ.ಐ. ಕಾರ್ಡು ಇದ್ದರೂ ಪೌರತ್ವ ಅಧಿನಿಯಮದ 7ಬಿ ಪ್ರಕರಣದ ಪ್ರಕಾರ ಅಲ್ಲಿನ ಸರ್ಕಾರಿ ಹುದ್ದೆಗಳ ಹಕ್ಕು ದೊರೆಯುವುದಿಲ್ಲ. ಅವರ ಸೇವಾಕಾಂಕ್ಷೆಗೆ ಈ ನೆಲದಲ್ಲಿಯೇ ದಾರಿಗಳಿವೆ. 1881ರಲ್ಲಿ ಅಧ್ಯಕ್ಷ ಗಾರ್‌ಫೀಲ್ಡ್ ಅವರನ್ನು ಹುದ್ದೆ ಸಿಗದೆ ಹತಾಶನಾದವನೊಬ್ಬ ಗುಂಡಿಟ್ಟು ಕೊಂದ ಬಳಿಕ, 1883ರ ಪೆಂಡಲ್ಟನ್ ಶಾಸನವು ಅರ್ಹತೆಯ ಆಧಾರದ ನೇಮಕವನ್ನು ಜಾರಿಗೆ ತಂದಿತು. ಆದರೆ ಇಲ್ಲಿ ಎಲ್ಲಕ್ಕೂ ಒಂದೇ ಮಹಾಪರೀಕ್ಷೆಯಿಲ್ಲ. ಡಲ್ಲಾಸ್ ನಗರದ ಆಡಳಿತವನ್ನು ನಗರಸಭೆ ನೇಮಿಸಿದ ಸಿಟಿ ಮ್ಯಾನೇಜರ್ ನಡೆಸುತ್ತಾರೆ; ಅಲ್ಲಿಯೇ ಫೆಡರಲ್ ರಿಸರ್ವ್ ಬ್ಯಾಂಕ್ ಇದೆ; ಹ್ಯೂಸ್ಟನ್‌ನಲ್ಲಿ ಜಾನ್ಸನ್ ಬಾಹ್ಯಾಕಾಶ ಕೇಂದ್ರ; ಆಸ್ಟಿನ್‌ನಲ್ಲಿ ರಾಜ್ಯದ ಇಲಾಖೆಗಳು. ಬೇರೆ ವೃತ್ತಿಯಲ್ಲಿ ನುರಿತವರು ನಲವತ್ತರಲ್ಲಿಯೂ ಒಳಹೋಗಬಹುದು.

ಇಲ್ಲಿಯೂ ಒಂದೇ ಬಾಗಿಲನ್ನು ನೆಚ್ಚುವುದು ಕ್ಷೇಮವಲ್ಲ. ಸ್ನಾತಕೋತ್ತರ ಪದವೀಧರರನ್ನು ಕೇಂದ್ರ ಸರ್ಕಾರಕ್ಕೆ ಕರೆತರಲು 1977ರಲ್ಲಿ ಆರಂಭವಾಗಿದ್ದ, ಮುಂದೆ ಪ್ರೆಸಿಡೆನ್ಷಿಯಲ್ ಮ್ಯಾನೇಜ್‌ಮೆಂಟ್ ಫೆಲೋಸ್ ಎಂದು ಹೆಸರಾದ ಯೋಜನೆಯನ್ನು 2025ರ ಫೆಬ್ರವರಿಯಲ್ಲಿ ಒಂದು ಆಜ್ಞೆಯಿಂದ ಕೊನೆಗೊಳಿಸಲಾಯಿತು. ಬೆಂಗಳೂರಿನ ಮಾತು ವಾಷಿಂಗ್ಟನ್ನಿಗೂ ಸಲ್ಲುತ್ತದೆ.

ಬಂಧುಗಳು ಮಾಡಬಹುದಾದದ್ದು

ದೂರದಲ್ಲಿರುವ ಚಿಕ್ಕಪ್ಪ, ಸೋದರಮಾವ, ದೊಡ್ಡಮ್ಮಂದಿರಾಗಿ ನಾವು ಮಾಡಬಹುದಾದ ಕೆಲಸಗಳು ಕೆಲವಿವೆ. ಮೊದಲ ಸಲ ಹಣ ಕಳುಹಿಸುವಾಗಲೇ ಎಷ್ಟು ಪ್ರಯತ್ನ, ಎಷ್ಟು ವರ್ಷ ಎಂಬುದನ್ನು ಪ್ರೀತಿಯಿಂದ ಮಾತನಾಡಿ ಗೊತ್ತುಮಾಡಿಕೊಳ್ಳೋಣ. ಈ ಗಡುವನ್ನು ಅಭ್ಯರ್ಥಿಯೇ ಹಾಕಿಕೊಳ್ಳಬೇಕು, ನಾವು ಹೇರಬಾರದು. ಪ್ರತಿ ವರ್ಷವೂ ಇನ್ನೊಂದು ಪರೀಕ್ಷೆಗಾದರೂ ಅರ್ಜಿ ಹಾಕುವಂತೆ ಹೇಳೋಣ. ತರಬೇತಿಯ ಶುಲ್ಕಕ್ಕೆ ಕೊಡುವಷ್ಟೇ ಸಂತೋಷದಿಂದ ಎಲ್‌ಎಲ್.ಬಿ.ಗೋ ಎಂ.ಎ.ಗೋ ಕೊಡೋಣ.

ಎಷ್ಟನೆಯ ಪ್ರಯತ್ನ ಎಂಬುದಕ್ಕಿಂತ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಗಮನಿಸೋಣ. ಮೂರು ಸಲ ಪೂರ್ವಭಾವಿಯಲ್ಲಿಯೇ ನಿಂತವರಿಗೆ ದಾರಿ ಬದಲಿಸುವ ಸಲಹೆ ಹಿತವಾದೀತು; ಸಂದರ್ಶನದವರೆಗೆ ಹೋದವರಿಗೆ ಉದ್ಯೋಗದೊಂದಿಗೆ ಮತ್ತೊಂದು ಪ್ರಯತ್ನ ಸಲ್ಲುತ್ತದೆ. ಹೆಣ್ಣುಮಕ್ಕಳಿಗೆ ‘ಈ ಸಲ ಆಗದಿದ್ದರೆ ಮದುವೆ’ ಎಂಬುದನ್ನೇ ಪರ್ಯಾಯವಾಗಿ ಮುಂದಿಡುವ ಪದ್ಧತಿಯನ್ನು ಬಿಡೋಣ. ಅವರಿಗೂ ಬೇಕಾದದ್ದು ವೃತ್ತಿಯ ಅಕ್ಕಡಿಯೇ.

ಕಡೆಯದಾಗಿ, ನಮ್ಮ ಮಾತು. ಫಲಿತಾಂಶದ ದಿನ ಕರೆ ಮಾಡಿ ‘ಏನಾಯ್ತು?’ ಎಂದು ಕೇಳುವವರು ಹತ್ತು ಮಂದಿ ಇರುತ್ತಾರೆ. ಫಲಿತಾಂಶವಿಲ್ಲದ ಒಂದು ಸಾಮಾನ್ಯ ದಿನ ಕರೆ ಮಾಡಿ, ‘ಇನ್ನೊಂದು ಸಾಲಿಗೆ ಏನು ಬಿತ್ತಿದ್ದೀಯಪ್ಪ?’ ಎಂದು ಕೇಳುವವರು ಕಡಿಮೆ. ಆ ಕರೆಯನ್ನು ನಾವು ಮಾಡೋಣ. ಆ ಮಗು ಜಿಲ್ಲಾಧಿಕಾರಿಯಾದರೆ ಸಂತೋಷ; ವಕೀಲನೋ ಅಧ್ಯಾಪಕಿಯೋ ಪಂಚಾಯತಿಯ ಅಧಿಕಾರಿಯೋ ಆದರೆ ಅಷ್ಟೇ ಸಂತೋಷ ಎಂಬುದು ಅದಕ್ಕೆ ಮೊದಲೇ ತಿಳಿದಿರಲಿ.